ಹೆಪ್ಪು ತರಲು ಬೇವೂರಿಗೆ

ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ರೂಢಿ. ಮೊದಲೆಲ್ಲ ನೆಂಟರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಲೆ ಹಚ್ಚದ ಮನೆಯಲ್ಲಿ ಅಳುವವರಿಗೂ ಹಸಿವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಗಡಿಗೆ ಮಜ್ಜಿಗೆ. ತಿನ್ನಲು ಮನಸ್ಸಿಲ್ಲ ಎನ್ನುವವನ ಮುಂದೆ ಗಂಗಾಳ ಇಟ್ಟು, "ಸತ್ತವರ ಜೋಡಿ ಸಾಯಾಕ ಆಗತೈತೇನು? ಉಣ್ಣು" ಎಂದು ಬೈದು ಉಣ್ಣಿಸುತ್ತಿದ್ದರು. ಈಗ ಕಾಲ ಬದಲಾಗಿದೆ. ಹೋದ ವರ್ಷ ನನ್ನ ಹೆಂಡತಿ ನೀಲಮ್ಮ ತೀರಿಕೊಂಡಾಗ ಬುತ್ತಿಗಿಂತ ಡಬ್ಬಿಗಳೇ ಹೆಚ್ಚು ಬಂದವು. ಓಟ್ಸ್ ಬಂತು, ಮೊಳಕೆ ಬರಿಸಿದ ರಾಗಿಯ ಹಿಟ್ಟು ಬಂತು, ಅಗಸೆ ಪುಡಿ ಬಂತು, ಹೃದಯದ ಚಿತ್ರವಿರುವ ಎಣ್ಣೆಯ ಕ್ಯಾನು ಬಂತು, ಬಿಸಿನೀರಿಗೆ ಹಾಕಿ ಕುಡಿಯುವ ಹುಲ್ಲಿನಂಥದ್ದೇನೋ ಬಂತು. ಬಂದವರು ಒಂದು ಗಳಿಗೆ ಅವಳ ಸುದ್ದಿ ಮಾತಾಡಿ, ಕಣ್ಣು ಒರೆಸಿಕೊಂಡು, ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ಶುಗರ್ ಚೆಕ್ ಮಾಡಿಸಿರೇನ್ರಿ?" ಎಂದು ಕೇಳುತ್ತಿದ್ದರು. ಹೋದವಳು ಅವಳು, ಪಥ್ಯ ಮಾತ್ರ ನನಗೆ.

ಡಬ್ಬಿಗಳು ನನಗೆ ಹೊಸವಲ್ಲ. ಕುಷ್ಟಗಿಯ ಒಂದು ಕಿರಾಣಿ ಅಂಗಡಿಯಲ್ಲಿ ಗಲ್ಲೆಯ ಪಕ್ಕ ನಿಂತು ಸಾಮಾನು ಕೊಡುವುದೇ ನನ್ನ ಕೆಲಸ. ನಮ್ಮ ಸಾಹುಕಾರರು ಈಚೆಗೆ ಗಾಜಿನ ಬಾಗಿಲಿನ ಒಂದು ಕಪಾಟು ಮಾಡಿಸಿ, ಅದಕ್ಕೆ ಹಸಿರು ಬಣ್ಣ ಬಳಿಸಿ, 'ಆರೋಗ್ಯ' ಎಂದು ಬರೆಸಿದ್ದಾರೆ. ಮೊದಲು ಗಿರಾಕಿಗಳು ಬಂದು ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಈಗ ಇದರಲ್ಲಿ ಏನಿಲ್ಲ ಎಂದು ಕೇಳುತ್ತಾರೆ. ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ಹಿಟ್ಟಿನಲ್ಲಿ ಮೈದಾ ಇಲ್ಲ. ಒಂದು ದಿನ ಅಳವಂಡಿ ಕಡೆಯ ಅಜ್ಜ ಒಬ್ಬರು ಸೊಸೆ ಹೇಳಿಕಳಿಸಿದ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ಸಕ್ಕರೆ ಇಲ್ಲ, ಬೆಣ್ಣೆ ಇಲ್ಲ, ಬಣ್ಣ ಇಲ್ಲ. ಕೊನೆಗೆ, "ಅಲ್ಲಪಾ, ಇದರಾಗ ಏನೂ ಇಲ್ಲಂದ ಮ್ಯಾಲೆ ಸಾದಾ ಬಿಸ್ಕೀಟಿಗಿಂತ ದುಪ್ಪಟ್ಟು ರೊಕ್ಕ ಯಾತಕ್ಕ?" ಎಂದರು. ನಾನು ಗಲ್ಲೆಯ ಕಡೆ ತಿರುಗಿದೆ. ಸಾಹುಕಾರರು ಕೂತಲ್ಲಿಂದಲೇ, "ತಗದು ಹಾಕಾಕ ಖರ್ಚು ಬರತೈತ್ರಿ ಅಜ್ಜಾರ" ಎಂದರು. ಅಜ್ಜನಿಗೆ ಅದು ಒಪ್ಪಿಗೆಯಾಯಿತು. ಕೊಂಡು ಹೋದರು.

ಹೀಗೆ ಹಗಲೆಲ್ಲ ಮಾರುವುದೂ ಅದೇ, ಸಂಜೆ ಮನೆಗೆ ಬಂದರೆ ಗೋಡೆಯ ಮಾಡದಲ್ಲಿ ಸಾಲಾಗಿ ನಿಂತು ನನ್ನನ್ನು ನೋಡುವುದೂ ಅದೇ. ನಮಗೆ ಮಕ್ಕಳಿಲ್ಲ. ಅಡುಗೆ ನನಗೆ ಬರುತ್ತಿರಲಿಲ್ಲ. ಡಬ್ಬಿಗಳ ಮೇಲೆ ಮಾಡುವ ವಿಧಾನ ಬರೆದಿರುತ್ತದಾದ್ದರಿಂದ ಕೆಲವನ್ನು ಪ್ರಯತ್ನಿಸಿ ನೋಡಿದೆ. ಯಾರೋ ತಂದ ಚಿಯಾ ಎಂಬ ಕರಿ ಬೀಜವನ್ನು ಒಂದು ತಂಬಿಗೆಯಲ್ಲಿ ನೆನೆಹಾಕಿ ಸ್ನಾನಕ್ಕೆ ಹೋಗಿದ್ದೆ. ಬರುವುದರೊಳಗೆ ಎದುರು ಮನೆಯ ಬಸಮ್ಮ ರೊಟ್ಟಿ ಕೊಡಲು ಬಂದವಳು ತಂಬಿಗೆಯೊಳಗೆ ಬಗ್ಗಿ ನೋಡಿ ಹೌಹಾರಿದ್ದಳು. "ಅಯ್ಯ ನನ ಶಿವನ! ಅಣ್ಣಾರ, ನಿಮ್ಮ ಕುಡಿಯೂ ನೀರಾಗ ಕಪ್ಪಿ ತತ್ತಿ ಇಟ್ಟೈತ್ರಿ!" ಎಂದು ಕೂಗಿ, ನಾನು ಟವೆಲ್ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಎಲ್ಲವನ್ನೂ ತುಳಸಿಯ ಬುಡಕ್ಕೆ ಸುರಿದು, ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಅದು ತೂಕ ಇಳಿಸುವ ಬೀಜ ಎಂದು ನಾನು ವಿವರಿಸಿದೆ. "ಅದನ್ನ ನೋಡಿದ್ರ ಉಣ್ಣಾಕ ಮನಸ ಬರಂಗಿಲ್ಲ, ತೂಕ ಇಳಿಲಾರದ ಏನ್ ಮಾಡೀತು" ಎಂದಳು ಅವಳು.

ಗಂಗಾವತಿಯ ನನ್ನ ಅಕ್ಕ ಮಾತ್ರ ಪುಡಿ ಬೀಜಗಳನ್ನು ನಂಬುವವಳಲ್ಲ. ಅವಳು ತಂದದ್ದು ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬಾಟಲಿಗಳನ್ನು. ಒಳಗೆ ತಿಳಿ ಗುಲಾಬಿ ಬಣ್ಣದ ಹಾಲಿನಂಥ ದ್ರವ. "ಅಕ್ಕಾ, ಇದು ಹಾಲೋ, ಔಷಧೋ?" ಎಂದು ಕೇಳಿದೆ.

"ಎರಡೂ ಅಲ್ಲೋ ತಮ್ಮಾ. ಇದರಾಗ ಒಳ್ಳೆ ಹುಳಾ ಅದಾವಂತ."

"ಹುಳಾನ?"

"ಕಣ್ಣಿಗೆ ಕಾಣಂಗಿಲ್ಲ. ಕುಡಿದ್ರ ಹೊಟ್ಯಾಗ ಹೋಗಿ ಕೆಟ್ಟ ಹುಳಾನ ಹೊಡದು ಓಡಸ್ತಾವ. ಜೀವಂತ ಇರತಾವ ಮತ್ತ, ಸತ್ತುವಲ್ಲ."

"ಓಡಿಸಿದ ಮ್ಯಾಲೆ ಇವು ಎಲ್ಲಿ ಇರತಾವ?"

"ನಿನಗ ಎಲ್ಲಾದರಾಗೂ ಚಾಷ್ಟಿ. ಮುಚ್ಚಿಕೊಂಡು ಕುಡಿ."

ಅಕ್ಕ ಹೋದ ಮೇಲೆ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಜೀವಂತ ಇರುತ್ತವೆ ಎಂಬ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು. ಹಾಗಾದರೆ ಇದು ಹೆಪ್ಪಿನ ಹಾಗೆಯೇ ಅಲ್ಲವೇ ಎನ್ನಿಸಿತು. ಹಾಲು ಕಾಯಿಸಿದೆ, ಗುಲಾಬಿ ಬಾಟಲಿಯನ್ನು ಸುರಿದೆ, ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಏನೋ ಒಂದು ಆಗಿತ್ತು. ಮೊಸರು ಎಂದರೆ ಮೊಸರಿಗೆ ಅವಮಾನ, ಹಾಲು ಎಂದರೆ ಹಾಲು ಒಪ್ಪುವುದಿಲ್ಲ. ಬಸಮ್ಮ ಕೊಟ್ಟ ಜೋಳದ ರೊಟ್ಟಿಗೆ ಬದನೆಕಾಯಿ ಎಣಗಾಯಿ ಹಚ್ಚಿಕೊಂಡು, ಮೇಲೆ ಇದನ್ನು ಒಂದು ಚಮಚ ಹಾಕಿಕೊಂಡು ಬಾಯಿಗಿಟ್ಟೆ. ಬಾಯಿ ತುಂಬ ಮಕ್ಕಳ ಪೆಪ್ಪರಮೆಂಟಿನ ವಾಸನೆ. ಒಳ್ಳೆಯ ಹುಳಗಳಿಗೂ ಎಣಗಾಯಿಗೂ ಆಗಿಬರುವುದಿಲ್ಲ ಎಂಬುದು ಆ ದಿನ ಮಧ್ಯಾಹ್ನದೊಳಗೆ ನನಗೆ ಚೆನ್ನಾಗಿ ತಿಳಿಯಿತು.

ಆದರೆ ಆ ಪ್ರಯೋಗದಿಂದ ಒಂದು ವಿಷಯ ಸ್ಪಷ್ಟವಾಯಿತು. ನನಗೆ ಬೇಕಾಗಿದ್ದದ್ದು ನೀಲಮ್ಮನ ಮೊಸರು. ನಮ್ಮ ಮದುವೆಯಾದಾಗಿನಿಂದ ಆ ಮನೆಯಲ್ಲಿ ಮೊಸರಿಲ್ಲದ ದಿನ ಇರಲಿಲ್ಲ. ಇಂದಿನ ಮೊಸರಿನಲ್ಲಿ ಒಂದು ಚಮಚ ತೆಗೆದು ವಾಟಿಯಲ್ಲಿ ಇಟ್ಟು ಸಂಜೆಯ ಹಾಲಿಗೆ ಹಾಕುವುದು, ನಾಳೆಯದರಲ್ಲಿ ಮತ್ತೆ ಒಂದು ಚಮಚ. ಹೀಗೆ ಒಂದರಿಂದ ಒಂದು ಹುಟ್ಟುತ್ತ ಬಂದಿತ್ತು. ಅವಳು ಆಸ್ಪತ್ರೆ ಸೇರಿದಾಗ ಹಾಲು ತರಿಸುವುದು ನಿಂತಿತು. ಆಮೇಲೆ ಮನೆ ತುಂಬ ಜನ. ಪಾತ್ರೆ ತೊಳೆಯಲು ಬಂದ ಯಾವ ಪುಣ್ಯಾತ್ಮಳೋ ಹೆಪ್ಪಿನ ವಾಟಿಯನ್ನೂ ತೊಳೆದು ಬೋರಲು ಹಾಕಿದ್ದಳು. ನೀಲಮ್ಮನ ಸೀರೆಗಳು ಟ್ರಂಕಿನಲ್ಲಿ ಇದ್ದವು, ಬಳೆಗಳು ಇದ್ದವು, ಕನ್ನಡಿಯ ಮೂಲೆಯಲ್ಲಿ ಅವಳು ಅಂಟಿಸಿದ ಹಣೆಯ ಟಿಕಳಿ ಕೂಡ ಇತ್ತು. ಅವು ಇಟ್ಟಲ್ಲಿ ಇಟ್ಟ ಹಾಗೆ ಇದ್ದವು. ಅವಳ ಕೈಯಿಂದ ಹೊರಟು ಇನ್ನೂ ಎಲ್ಲಾದರೂ ಜೀವ ಹಿಡಿದುಕೊಂಡಿರಬಹುದಾದ ವಸ್ತು ಎಂದರೆ ಆ ಹೆಪ್ಪು ಒಂದೇ. ಅದು ಎಲ್ಲಾದರೂ ಇರಲೇಬೇಕು ಎಂದುಕೊಂಡೆ. ಯಾಕೆಂದರೆ ಓಣಿಯಲ್ಲಿ ಯಾರ ಮನೆಯ ಹೆಪ್ಪು ಕೆಟ್ಟರೂ ನಮ್ಮ ಬಾಗಿಲಿಗೇ ವಾಟಿ ಬರುತ್ತಿತ್ತು.

ಅಂಗಡಿಯಿಂದ ಬಂದವನೇ ಬಸಮ್ಮನ ಮನೆಗೆ ಹೋಗಿ ಕೇಳಿದೆ. ಅವಳು ದೇವರ ಮುಂದಿನ ದೀಪ ತೋರಿಸಿ, "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೇಳಾಕ ಬಂದೀರಲ್ಲರಿ ಅಣ್ಣಾರ! ಲಕ್ಷ್ಮಿ ಹೋಗತಾಳ. ಮುಂಜಾನಿ ಬರ್ರಿ" ಎಂದಳು. ಮುಂಜಾನೆ ಹೋದೆ. ಲಕ್ಷ್ಮಿ ಸುರಕ್ಷಿತವಾಗಿದ್ದಳು, ಆದರೆ ಹೆಪ್ಪು ಇರಲಿಲ್ಲ. "ನಾವು ಈಗ ಮನ್ಯಾಗ ಮಸರು ಹಾಕಂಗಿಲ್ರಿ. ಪಾಕೀಟು ತರತೀವಿ. ಹೆಣ್ಣಮಕ್ಕಳ ಸಂಘದೊಳಗ ಒಬ್ಬಾಕಿ ಮೇಡಮ್ಮು ಬಂದು ಹೇಳಿದ್ಳಲ್ಲ, ಮನಿ ಮಸರಿನ್ಯಾಗ ಯಾವ ಹುಳಾ ಇರತಾವ ಅಂತ ಲೆಕ್ಕ ಇರಂಗಿಲ್ಲಂತ. ಪಾಕೀಟಿನ್ಯಾಗ ಆದ್ರ ಅವನ್ನ ಆರಿಸಿ ಹಾಕಿರತಾರಂತ."

ನಾನು ಓಣಿಯ ಉದ್ದಕ್ಕೂ ಕೇಳಿದೆ. ಎಲ್ಲ ಕಡೆ ಪಾಕೀಟು. ಓಣಿಗೆ ತಿಳಿವಳಿಕೆ ಬಂದುಬಿಟ್ಟಿತ್ತು. ಕೊನೆಯ ಮನೆಯ ಖಾಜಾಬಿ, ನೀಲಮ್ಮನ ಜೊತೆ ಸಂತೆಗೆ ಹೋಗುತ್ತಿದ್ದವಳು, ನನ್ನ ಮುಖ ನೋಡಿ ನಗಲಾರದೆ ನಕ್ಕಳು. "ಭಾಯ್, ಪಾಕೀಟು ಮಾರಾವ್ರ ನೀವು, ಹೆಪ್ಪು ಕೇಳಾವ್ರೂ ನೀವು. ನಾವು ಏನ್ ಮಾಡೂಣು ಹೇಳ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ಕೆಂಪು ಮೆಣಸಿನಕಾಯಿ ತೊಟ್ಟು ಹಾಲಿಗೆ ಹಾಕಿದ್ರ ಹೊಸಾ ಹೆಪ್ಪು ಆಗತೈತ್ರಿ. ಹಂಗ ಮಾಡ್ರಿ" ಎಂದಳು. ನನಗೆ ಹೊಸ ಹೆಪ್ಪು ಬೇಕಾಗಿರಲಿಲ್ಲ. ಅದನ್ನು ಹೇಗೆ ಹೇಳಬೇಕೋ ತಿಳಿಯದೆ ತಂದಿದ್ದ ಖಾಲಿ ವಾಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದೆ. ಖಾಜಾಬಿಗೆ ಅರ್ಥವಾಯಿತು ಎಂದು ಕಾಣುತ್ತದೆ. "ಬೇವೂರಾಗ ಕೇಳ್ರಿ. ನೀಲಮ್ಮ ಆಪಾ ತಮ್ಮನ ಮನಿಗೆ ಹೋದಾಗ ಹೆಪ್ಪು ಕೊಟ್ಟು ಬಂದೀನಿ ಅಂತ ಹೇಳಿದ್ಳು. ಅವರು ಎಮ್ಮಿ ಕಟ್ಯಾರ, ಪಾಕೀಟು ಯಾಕ ತರತಾರ?" ಎಂದಳು.

ಅಂಗಡಿಗೆ ರಜೆ ಇದ್ದ ದಿನ ಬೇವೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಮುಚ್ಚಳವಿರುವ ಸ್ಟೀಲಿನ ವಾಟಿ. ನೀಲಮ್ಮನ ತಮ್ಮನ ಹೆಂಡತಿ ಮಲ್ಲಮ್ಮ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು. ಮುನ್ಸೂಚನೆಯಿಲ್ಲದೆ ಬಂದ ನೆಂಟ ಏನೋ ಕೆಟ್ಟ ಸುದ್ದಿಯನ್ನೇ ತಂದಿರುತ್ತಾನೆ ಎಂಬ ಭಯ ಒಮ್ಮೆ ಮನೆಯಲ್ಲಿ ಸಾವಾದವರಿಗೆ ಇರುತ್ತದೆ. "ಏನಿಲ್ಲವ್ವಾ, ಸ್ವಲ್ಪ ಹೆಪ್ಪು ಬೇಕಾಗಿತ್ತು" ಎಂದೆ.

"ಹೆಪ್ಪಾ?" ಅವಳು ನನ್ನನ್ನೂ ವಾಟಿಯನ್ನೂ ನೋಡಿದಳು. "ಹೆಪ್ಪಿಗೆ ಕುಷ್ಟಗಿಯಿಂದ ಬೇವೂರಿಗೆ ಬಂದ್ರಿ? ಅಲ್ಲಿ ಎಮ್ಮಿ ಸತ್ತಾವೇನ್ರಿ ಅಣ್ಣಾರ?"

"ನಿಮ್ಮ ವೈನಿ ಕೊಟ್ಟಿದ್ಳಂತಲ್ಲ. ಅದರಾಗಿಂದು."

ಮಲ್ಲಮ್ಮ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ನನ್ನ ಕೈಯಿಂದ ವಾಟಿ ಇಸಿದುಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಪಾತ್ರೆ ಸದ್ದು ಕೇಳುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಅಂಗಳದಲ್ಲೇ ಎಮ್ಮೆಯನ್ನು ನೋಡುತ್ತ ನಿಂತೆ. ಎಮ್ಮೆಯೂ ನನ್ನನ್ನು ನೋಡಿತು. ನನ್ನ ಆರೋಗ್ಯದ ಬಗ್ಗೆ ಅದೊಂದು ಮಾತ್ರ ಏನೂ ಕೇಳಲಿಲ್ಲ. ಮಲ್ಲಮ್ಮ ಹೊರಗೆ ಬಂದಾಗ ವಾಟಿ ಭರ್ತಿಯಾಗಿತ್ತು, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಕಟ್ಟಿದ್ದಳು. "ಹುಷಾರಾಗಿ ಒಯ್ರಿ" ಎಂದಳು, ಅಷ್ಟೇ.

ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಬಸ್ಸಿನಲ್ಲಿ ಮೊಸರು ಒಯ್ಯುವುದು ಎಂದರೆ ಏನೆಂದು ಹೇಳಬೇಕಾಗಿಲ್ಲ. ಕಿಟಕಿಯ ಪಕ್ಕ ಕೂತು, ವಾಟಿಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬಸ್ಸು ಕುಣಿದ ಕಡೆಗೆ ನಾನೂ ಕುಣಿಯುತ್ತ ಬಂದೆ. ಪಕ್ಕದಲ್ಲಿ ಕೂತಿದ್ದವರು ಹನುಮನಹಳ್ಳಿಗೆ ಹೋಗಿ ಬೆಟ್ಟ ಹತ್ತಿ ಬಂದ ಭಕ್ತರು, ಹಣೆಯ ಮೇಲಿನ ಕುಂಕುಮ ಇನ್ನೂ ಅಳಿಸಿರಲಿಲ್ಲ. ನನ್ನ ಭಕ್ತಿಯನ್ನು ನೋಡಿ, "ಯಾವ ದೇವರ ತೀರ್ಥರಿ?" ಎಂದು ಕೇಳಿದರು. ಮೊಸರು ಎನ್ನಲು ನಾಚಿಕೆಯಾಯಿತು. "ಇದರಾಗ ಒಳ್ಳೆ ಹುಳಾ ಅದಾವ್ರಿ, ಜೀವಂತ. ಹೊಟ್ಟಿಗೆ ಛಲೋ" ಎಂದೆ. ಅಕ್ಕನ ಮಾತು, ಅಂಗಡಿಯ ದನಿಯಲ್ಲಿ ಬಾಯಿಗೆ ಬಂತು. ಅವರು ಸ್ವಲ್ಪ ಸರಿದು ಕೂತರು.

ಹೆಪ್ಪು ಮನೆ ಸೇರಿತು. ಆದರೆ ಮೂವತ್ತು ವರ್ಷ ಮೊಸರು ಉಂಡವನಿಗೆ ಅದು ಆಗುವುದು ಹೇಗೆ ಎಂದು ಗೊತ್ತಿರಲಿಲ್ಲ. ಗುಲಾಬಿ ಬಾಟಲಿಯ ವಿಷಯದಲ್ಲಿ ನಾನು ಧೈರ್ಯವಂತನಾಗಿದ್ದೆ. ಇದಕ್ಕೆ ಆ ಧೈರ್ಯ ಬರಲಿಲ್ಲ. ಹಾಲು ಹೆಚ್ಚು ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ ಎಂದು ಡಬ್ಬಿಯೊಂದರ ಮೇಲೆ ಓದಿದ ನೆನಪು. ತಣ್ಣಗಾದರೆ ಏಳುವುದೇ ಇಲ್ಲವಂತೆ. ಮಲ್ಲಮ್ಮನಿಗೆ ಫೋನು ಮಾಡಿದೆ. "ಬೆರಳು ಹಾಕಿ ನೋಡ್ರಿ. ಸುಡಬಾರದು, ಆದ್ರ ಬಿಸಿ ಐತಿ ಅಂತ ಗೊತ್ತಾಗಬೇಕು" ಎಂದಳು.

"ಯಾವ ಬೆರಳು?"

"ಅಯ್ಯ, ಯಾವುದರ ಹಾಕ್ರಿ! ಅದಕ್ಕೇನು ಪಂಚಾಂಗ ನೋಡಬೇಕೇನ್ರಿ?"

ಕಿರುಬೆರಳು ಹಾಕಿದೆ. ಸುಟ್ಟಿತು. ಕಾದೆ. ಮತ್ತೆ ಹಾಕಿದೆ. ಆಮೇಲೆ ಇನ್ನೂ ಸುಡುತ್ತದೆಯೋ ಇಲ್ಲವೋ ಎಂದು ಗೊತ್ತಾಗದಷ್ಟು ಬೆರಳು ಮರಗಟ್ಟಿತು, ಬೇರೆ ಬೆರಳಿಗೆ ಬದಲಾಯಿಸಿದೆ. ಕೊನೆಗೆ ಕಣ್ಣು ಮುಚ್ಚಿ ಹೆಪ್ಪನ್ನು ಬಿಟ್ಟು, ಪಾತ್ರೆಗೆ ನೀಲಮ್ಮನ ಹಳೆ ಉಣ್ಣೆಯ ಶಾಲು ಸುತ್ತಿ, ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟೆ. ಕೂಸು ಮಲಗಿಸಿದವರ ಹಾಗೆ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದೆ.

ಬೆಳಿಗ್ಗೆ ಮುಚ್ಚಳ ತೆಗೆದರೆ ಪಾತ್ರೆ ತುಂಬ ಮೊಸರು. ಮೇಲೆ ಹಳದಿ ಕೆನೆ. ಅಲುಗಾಡಿಸಿದರೆ ಇಡೀ ಒಂದೇ ತುಂಡಾಗಿ ಅಲುಗಿತು. ಒಂದು ಚಮಚ ಬಾಯಿಗಿಟ್ಟೆ. ಅದೇ. ಸಂಶಯವೇ ಇಲ್ಲ, ಅದೇ ಮೊಸರು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಮೂರು ರೊಟ್ಟಿ ತಿಂದೆ. ಆ ವರ್ಷದಲ್ಲಿ ನಾನು ಹಸಿದು ಉಂಡದ್ದು ಅದೇ ಮೊದಲು.

ಸುದ್ದಿ ಓಣಿಯಲ್ಲಿ ಹಬ್ಬಿತು. ನೀಲಮ್ಮನ ಹೆಪ್ಪು ಸಿಕ್ಕಿದೆ ಎಂದು ಮೊದಲು ಬಸಮ್ಮ ವಾಟಿ ತಂದಳು, ಬೆಳಿಗ್ಗೆಯೇ ತಂದಳು. ಒಂದು ಚಮಚ ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು. "ಏನ್ ರುಚಿರಿ! ಆಕಿ ಕೈಗುಣ ಹಂಗ ಉಳದೈತಿ. ಪಾಕೀಟಿನ ಮಸರಿಗೆ ಈ ರುಚಿ ಎಲ್ಲಿಂದ ಬರಬೇಕು?" ಎಂದಳು. ವಾರದೊಳಗೆ ಓಣಿಯ ಅರ್ಧ ಮನೆಗಳಲ್ಲಿ ಪಾಕೀಟು ನಿಂತಿತು. ತನ್ನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಬಸಮ್ಮ ಹೇಳತೊಡಗಿದಳು. ಮೊಸರಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಆರೋಗ್ಯದ ಕಪಾಟಿನ ಮುಂದೆ ನಿಂತು ಇದಕ್ಕಿಂತ ದೊಡ್ಡ ಸಂಬಂಧಗಳನ್ನು ಕೇಳಿಸಿಕೊಂಡವನು ನಾನು. ಇತ್ತ ಸಾಹುಕಾರರು, "ಈರಪ್ಪ, ನಿಮ್ಮ ಓಣಿಯವರು ಮಸರು ಒಯ್ಯೂದು ಬಿಟ್ಟಾರಲ್ಲ, ಯಾಕ?" ಎಂದು ಕೇಳಿದರು. "ತಿಳಿವಳಿಕಿ ಬಂದೈತ್ರಿ" ಎಂದೆ.

ಹೀಗಿರುವಾಗ ಮಲ್ಲಮ್ಮ ಬಟ್ಟೆ ಖರೀದಿಗೆಂದು ಕುಷ್ಟಗಿಗೆ ಬಂದಳು. ನಾನೇ ಅನ್ನ ಮಾಡಿ, ಮೊಸರು ಕಲಸಿ, ಒಗ್ಗರಣೆ ಹಾಕಿ ಬಡಿಸಿದೆ. ಬಡಿಸುತ್ತ ಭಾಷಣವನ್ನೂ ಮಾಡಿದೆ. ಕೈ ಬದಲಾದರೂ ಹೆಪ್ಪು ತನ್ನ ಗುಣ ಬಿಡುವುದಿಲ್ಲ, ಓಣಿಗೆ ಓಣಿಯೇ ಒಪ್ಪಿದೆ, ಬೇರೆ ಮೊಸರಾಗಿದ್ದರೆ ನನ್ನ ನಾಲಿಗೆ ಒಂದೇ ಚಮಚಕ್ಕೆ ಹಿಡಿಯುತ್ತಿತ್ತು, ಇತ್ಯಾದಿ. ಮಲ್ಲಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಕೊನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

"ಅಣ್ಣಾರ, ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ವೈನಿ ಹೋದಾಗ ನಾವೆಲ್ಲಾ ಮನಿ ಕೀಲಿ ಹಾಕಿ ಇಲ್ಲಿಗೆ ಬಂದು ಕುಂತಿದ್ವಿ, ದಿವಸದ ಕಾರ್ಯ ಮುಗಿಯೂ ಮಟಾ. ಎಮ್ಮಿ ಹಾಲು ಬಾಜೂ ಮನ್ಯಾವ್ರು ಹಿಂಡಿಕೊಂಡ್ರು. ತಿರುಗಿ ಹೋಗಿ ನೋಡಿದ್ರ ಹೆಪ್ಪು ಒಣಗಿ ವಾಟಿಗೆ ಹತ್ತಿ ಹೋಗಿತ್ತು."

"ಹಂಗಾರ ನನಗ ಕೊಟ್ಟಿದ್ದು?"

"ಇಲ್ಲಿಂದ ಹೋಗೂ ಮುಂದ ದಾರಿ ಬುತ್ತಿಗಂತ ನಿಮ್ಮ ಅಂಗಡ್ಯಾಗಿಂದ ಒಂದು ಮಸರಿನ ಪಾಕೀಟು ಒಯ್ದಿದ್ದೆರಿ. ಅದರ ಮ್ಯಾಲೆ ನಗೂ ಹೊಟ್ಟಿ ಚಿತ್ರ ಇರತೈತಲ್ಲ, ಅದು. ಅದರಾಗ ಉಳದಿದ್ದನ್ನ ಹೆಪ್ಪು ಹಾಕಿದ್ದೆ."

ನಾನು ಸೌಟು ಕೆಳಗಿಟ್ಟೆ. "ಆವತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಬೇಕಂತನ ಬಾಯಿ ತಗದಿದ್ದೆ. ನೀವು ಆ ವಾಟಿ ಹಿಡಕೊಂಡು ನಿಂತದ್ದು ನೋಡಿ ಮಾತು ಬರಲಿಲ್ರಿ. ಒಳಗ ಹೋಗಿ ಏನ್ ಮಾಡಲಿ ಅಂತ ಕುಂತಿದ್ದೆ." ಅವಳು ಕಣ್ಣು ಒರೆಸಿಕೊಂಡು ನಕ್ಕಳು. "ಮತ್ತ ನಿಮ್ಮ ನಾಲಗಿ ಒಂದ ಚಮಚಕ್ಕ ಹಿಡಿತಿತ್ತಲ್ರಿ, ಹಿಡಿಲಿಲ್ಲ?"

ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ನನ್ನನ್ನು ಸಮಾಧಾನಪಡಿಸಲು ಅಷ್ಟು ಡಬ್ಬಿಗಳು ಬಂದವು, ಒಂದೂ ನಾಟಲಿಲ್ಲ. ನಾಟಿದ್ದು ನಾನೇ ಅಂಗಡಿಯಲ್ಲಿ ನಿತ್ಯ ಎತ್ತಿಕೊಡುವ ಪಾಕೀಟು. ಮಲ್ಲಮ್ಮ ಊರಿಗೆ ಹೋದ ಮೇಲೆ ಕೂತು ಯೋಚಿಸಿದೆ. ನೀಲಮ್ಮನ ಹೆಪ್ಪು ಬೇವೂರಿನಲ್ಲಿ ಯಾಕೆ ಒಣಗಿತು? ಅವಳಿಗಾಗಿ ಅಳಲು ಎಲ್ಲರೂ ಇಲ್ಲಿಗೆ ಬಂದಿದ್ದರಿಂದ. ಅದಕ್ಕಿಂತ ಮರ್ಯಾದೆಯ ಸಾವು ಒಂದು ವಾಟಿ ಮೊಸರಿಗೆ ಇನ್ನೇನು ಬೇಕು ಎನ್ನಿಸಿತು. ಓಣಿಗೆ ನಿಜ ಹೇಳಲಿಲ್ಲ. ಬಸಮ್ಮನ ಮೊಣಕಾಲು ಈಗ ತಾನೇ ಸುಧಾರಿಸುತ್ತಿದೆ, ನಾನು ಯಾಕೆ ಅಡ್ಡ ಬರಲಿ?

ಆ ಸಂಜೆ ಹೆಪ್ಪು ಹಾಕಬೇಕೋ ಬೇಡವೋ ಎಂದು ಒಂದು ಗಳಿಗೆ ಹಿಂದುಮುಂದು ನೋಡಿದೆ. ಹಾಲು ಅಷ್ಟರಲ್ಲಿ ಹದಕ್ಕೆ ಬಂದಿತ್ತು. ಬೆರಳು ಹಾಕದೆಯೇ ನನಗೆ ಅದು ತಿಳಿಯಿತು. ಹಾಕಿದೆ. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಮೊನ್ನೆ ಮಾತ್ರ ಸೆಕೆ ಹೆಚ್ಚಾಗಿ ಮೊಸರು ಕಡು ಹುಳಿಯಾಗಿತ್ತು. ಮೊದಲ ತುತ್ತಿಗೇ ಕಣ್ಣು ಕಿರಿದಾಯಿತು. "ಇದೇನ್ ಮಸರ, ಹುಣಸಿಹಣ್ಣಾ? ಸ್ವಲ್ಪ ಲಕ್ಷ್ಯ ಇಟ್ಟು ಮಾಡಾಕ ಏನಾಗತೈತಿ?" ಎಂದು, ನೀಲಮ್ಮ ಇದ್ದಾಗಿನ ಹಾಗೆ, ಒಲೆಯ ಕಡೆ ಮುಖ ಮಾಡಿ ಜೋರಾಗಿ ಗದರಿಸಬೇಕೆಂದು ತಿರುಗಿದೆ. ನೋಡಿದರೆ ಗಂಗಾಳ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದವನು ನಾನೇ.